ಅಣಕು ಬರಹ ಎಲ್ಲಿವರೆಗೆ ಎಳೀಬಹುದು? ನನ್ನ ಅನುಭವ

ಅಣಕು ಬರಿಯೋಕೆ ಕೂತಾಗೆಲ್ಲ ನಾನು ಮೊದಲು ನೋಡೋದು ಓದೋರಿಗೆ ಮೂಲ ಗೊತ್ತಿದೆಯಾ ಅಂತ. ಗೊತ್ತಿಲ್ಲ ಅಂದ್ರೆ ಮುಗೀತು, ಅಡಿಟಿಪ್ಪಣಿ ಹಾಕಿ ಯಾರನ್ನೂ ನಗಿಸೋಕಾಗಲ್ಲ. ಇಂಗ್ಲಿಷ್ ಲೇಖಕ ಲೂಯಿಸ್ ಕ್ಯಾರಲ್ 1865ರ 'ಆಲಿಸ್ ಇನ್ ವಂಡರ್‌ಲ್ಯಾಂಡ್' ಕಥೆಯಲ್ಲಿ ಆಗಿನ ಮಕ್ಕಳು ಬಾಯಿಪಾಠ ಮಾಡ್ತಿದ್ದ ನೀತಿಪದ್ಯಗಳನ್ನ ಅಣಕಿಸಿದ್ರು, ಈಗ ಆ ಮೂಲ ಓದೋರು ಎಲ್ಲೋ ಒಬ್ಬಿಬ್ರು, ಹಂಗಾಗಿ ಎಷ್ಟೋ ಜನಕ್ಕೆ ಅದು ಅಣಕ ಅಂತಾನೇ ಗೊತ್ತಾಗಲ್ಲ, ಸುಮ್ನೆ ತಮಾಷೆ ಪದ್ಯ ಅಂತ ಓದ್ಕೊಂಡು ಹೋಗ್ತಾರೆ.

ಅದಕ್ಕೇ ನಾನು ಎಲ್ರಿಗೂ ಪರಿಚಯ ಇರೋ ದನಿ ಹಿಡಿಯೋದು, ಸುತ್ತೋಲೆ ಭಾಷೆ ಥರದ್ದು. "ನಗಲು ಇಚ್ಛಿಸುವವರು ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸತಕ್ಕದ್ದು" ಅಂದ್ರೆ ಸಾಕು, ಓದೋರು ನಗೋಕೆ ರೆಡಿ. ಕಷ್ಟ ಶುರುವಾಗೋದು ಅದಾದ್ಮೇಲೆ. ಮುಂದಿನ ಸಾಲಲ್ಲೂ ಬರೀ ತಕ್ಕದ್ದು ತಕ್ಕದ್ದು ಅಂತ ಎಳೆದ್ರೆ ನಗು ಖಾಲಿ, ಯಾಕಂದ್ರೆ ದನಿ ಗುರುತು ಸಿಕ್ಕ ಖುಷಿ ಒಂದೇ ಸಲ ಬರೋದು. ಎರಡನೇ ಸಾಲಿಗೆ ಆ ದನಿಯೊಳಗಿರೋ ತರ್ಕ ಬೇಕು: "ಅನುಮತಿಗೆ ಮುನ್ನ ನಕ್ಕಿದ್ದಲ್ಲಿ ಸದರಿ ನಗುವನ್ನು ಹಿಂಪಡೆಯಲಾಗುವುದು." ಆಗಿಹೋದದ್ದನ್ನೂ ಕಾಗದದ ಮೇಲೆ ರದ್ದು ಮಾಡ್ಬಹುದು ಅನ್ನೋ ನಂಬಿಕೆ ಇದೆಯಲ್ಲ, ಏಟು ಅದಕ್ಕೆ ಬೀಳುತ್ತೆ. ಇಂಥ ಸಾಲು ಸಿಗೋದು ನಿಂತ್ರೆ ನಾನೂ ಅಲ್ಲಿಗೇ ನಿಲ್ಲಿಸ್ತೀನಿ, ಒಂದು ಪುಟ ದಾಟೋದು ಅಪರೂಪ.

ಫೇಮಸ್ ಟ್ಯೂನಿಗೆ ಬೇರೆ ಪದ ತುಂಬೋದನ್ನ ಬಿಟ್ಟೇಬಿಟ್ಟಿದೀನಿ. ಪ್ರಾಸ ಕೂತ ಖುಷಿ ಇರುತ್ತೆ ನಿಜ, ಆದ್ರೆ ಆ ಹಾಡಿನ ಬಗ್ಗೆ ಒಂದು ಮಾತೂ ಹೇಳಿರಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1994ರಲ್ಲಿ ಒಂದು ರ‍್ಯಾಪ್ ಹಾಡಿನ ಕೇಸಲ್ಲಿ ಹೆಚ್ಚುಕಮ್ಮಿ ಇದನ್ನೇ ಹೇಳ್ತು, ಮೂಲವನ್ನೇ ಟೀಕಿಸೋ ಅಣಕ ಮೂಲದಿಂದ ತಗೊಳ್ಳೋದಕ್ಕೆ ಸಮರ್ಥನೆ ಇದೆ, ಹೊಸದು ಕಟ್ಟೋ ಕಷ್ಟ ತಪ್ಪಿಸ್ಕೊಳ್ಳೋಕೆ ಎತ್ಕೊಂಡ್ರೆ ಆ ಸಮರ್ಥನೆ ಕಮ್ಮಿ ಆಗುತ್ತೆ ಅಂತ. ಕಾಪಿರೈಟ್ ಬಗ್ಗೆ ಹೇಳಿದ್ದು, ಆದ್ರೂ ಬರಿಯೋರಿಗೆ ಇದಕ್ಕಿಂತ ಒಳ್ಳೆ ಅಳತೆ ನಂಗೆ ಸಿಕ್ಕಿಲ್ಲ.

ಯಾರದ್ದೋ ತೊದಲು, ಉಚ್ಚಾರಣೆ ಅಣಕಿಸೋದಂತೂ ಬೇಡವೇ ಬೇಡ, ಅದು ಅವರು ಆರಿಸ್ಕೊಂಡಿದ್ದಲ್ಲ.

ಇನ್ನು ಆನ್‌ಲೈನ್‌ನಲ್ಲಿ ಅಣಕನ ನಿಜ ಅಂದ್ಕೊಳ್ಳೋದು. ಅತಿರೇಕದ ಅಭಿಪ್ರಾಯಕ್ಕೂ ಅದರ ಅಣಕಕ್ಕೂ ವ್ಯತ್ಯಾಸ ಕಾಣಲ್ಲ ಅನ್ನೋದಕ್ಕೆ ಪೋ ನಿಯಮ ಅಂತ ಹೆಸರೇ ಇದೆ, 2005ರದ್ದು. ಸ್ಕ್ರೀನ್‌ಶಾಟ್ ಆದಾಗ ಮೇಲಿನ ಹೆಸರು, ಕೆಳಗಿನ ಸ್ಮೈಲಿ ಎಲ್ಲ ಕಟ್ ಆಗಿ ಹೋಗುತ್ತೆ, ಅದಕ್ಕೆ ಪ್ರತಿ ಪ್ಯಾರಾದಲ್ಲೂ ಆಗೋಕೇ ಸಾಧ್ಯ ಇಲ್ಲದ್ದು ಒಂದಾದ್ರೂ ಇಡ್ತೀನಿ. ಆರೋಗ್ಯದ ಸಲಹೆ, ಮತದಾನದ ದಿನಾಂಕ ಇವನ್ನ ಮಾತ್ರ ಮುಟ್ಟೋದೇ ಇಲ್ಲ, ಯಾರಾದ್ರೂ ನಂಬಿ ಮಾತ್ರೆ ನಿಲ್ಲಿಸಿಬಿಟ್ರೆ ಏನ್ ಮಾಡೋದು.