ಘಾಟಿನ ಒಂಟಿ ಹಳಿಗೆ ಕಂಪ್ಯೂಟರ್ ಕೈಯಲ್ಲಿ ಚಾರ್ಟ್ ಎಳೆಸುವುದು

ರೈಲ್ವೆ ಕಂಟ್ರೋಲ್ ಕಚೇರಿಯಲ್ಲಿ ಪೆನ್ಸಿಲ್, ಸ್ಕೇಲು, ರಬ್ಬರು ಇಟ್ಟುಕೊಂಡು ಗಾಡಿಗಳ ಓಟದ ಚಾರ್ಟ್ ಎಳೆದ ಕಾಲದವನು ನಾನು. ಅಡ್ಡಕ್ಕೆ ಗಂಟೆ, ಉದ್ದಕ್ಕೆ ನಿಲ್ದಾಣ, ಒಂದೊಂದು ಓರೆಗೆರೆಯೂ ಒಂದೊಂದು ಗಾಡಿ. ಒಂಟಿ ಹಳಿಯಲ್ಲಿ ಎದುರುಬದುರಿನ ಗೆರೆಗಳು ನಿಲ್ದಾಣದಲ್ಲೇ ಕೂಡಬೇಕು. ಈಗ ಅದೇ ಕೆಲಸವನ್ನು ಪೈಥಾನ್ ಬರೆದು, ಕೊಟ್ಟ ನಿಯಮಗಳಿಗೆ ಹೊಂದುವ ಒಳ್ಳೆಯ ಉತ್ತರ ಹುಡುಕುವ, ಪುಕ್ಕಟೆ ಸಿಗುವ ಗೂಗಲ್ ಓಆರ್-ಟೂಲ್ಸ್‌ನ ಸಿಪಿ-ಸ್ಯಾಟ್‌ನಿಂದ ಮಾಡಿಸಬಹುದು. ಅದು ಯೋಜನೆ ಹಾಕಿಕೊಡುತ್ತದೆ ಅಷ್ಟೆ, ಲೈನ್ ಕ್ಲಿಯರ್ (ಮುಂದಿನ ಹಳಿ ಖಾಲಿಯಿದೆ, ಹೊರಡಬಹುದು ಎಂಬ ಅನುಮತಿ) ಕೊಡುವವರು ಸ್ಟೇಷನ್ ಮಾಸ್ಟರೇ.

ಕಲಿಯುವುದಕ್ಕೆ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟ್ ತೆಗೆದುಕೊಳ್ಳಿ. ಸುಮಾರು 55 ಕಿ.ಮೀ., 57 ಸುರಂಗ, 50ಕ್ಕೆ 1ರ ಏರು, ಗಂಟೆಗೆ 30 ಕಿ.ಮೀ. ವೇಗಮಿತಿ. ನಡುವೆ ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು. ಎಲ್ಲೂ ನಿಲ್ಲದೆ ಹೋದರೂ 110 ನಿಮಿಷ.

ಮೊದಲು ಓಟದ ನಿಮಿಷಗಳನ್ನು ಕೂಡಿಹಾಕಿ. ಏರುವುದಕ್ಕೆ ಬೇರೆ, ಇಳಿಯುವುದಕ್ಕೆ ಬೇರೆ, ಎಕ್ಸ್‌ಪ್ರೆಸ್‌ಗೆ ಬೇರೆ, ಗೂಡ್ಸ್‌ಗೆ ಬೇರೆ. ರೈಲ್ವೆ ಸಿಬ್ಬಂದಿಯ ವರ್ಕಿಂಗ್ ಟೈಂಟೇಬಲ್‌ನ ಅಂಕಿಯನ್ನು ಹಾಗೇ ಟೈಪ್ ಮಾಡಬೇಡಿ. ಅದರಲ್ಲಿ ಹಳಿ ಕೆಲಸಕ್ಕೆಂದು ಎಂಜಿನಿಯರಿಂಗ್ ಅಲವೆನ್ಸ್, ಗಾಡಿಗಳ ದಟ್ಟಣೆಗೆಂದು ಟ್ರಾಫಿಕ್ ಅಲವೆನ್ಸ್ ಸೇರಿರುತ್ತವೆ. ತಡವಾದ ಗಾಡಿ ಸಮಯ ಹಿಡಿಯುವುದು ಆ ಹೆಚ್ಚುವರಿ ನಿಮಿಷಗಳಿಂದಲೇ, ಆದ್ದರಿಂದ ಅವಕ್ಕೆ ಪ್ರತ್ಯೇಕ ಕಾಲಂ ಇರಲಿ. ನಿಂತು ಹೊರಡುವ ಗಾಡಿಗೆ ವೇಗ ಇಳಿಸಿ ಏರಿಸುವ ನಿಮಿಷಗಳನ್ನೂ ಸೇರಿಸಿ.

ಹೊಸಬರು ಲೆಕ್ಕದಲ್ಲಿ ಬಿಡುವುದು ಬ್ಯಾಂಕರನ್ನು, ಅಂದರೆ ಹಿಂದಿನಿಂದ ತಳ್ಳುವ ಇಂಜಿನ್ನನ್ನು. ಸುಬ್ರಹ್ಮಣ್ಯ ರೋಡಿನಿಂದ ಗೂಡ್ಸನ್ನು ತಳ್ಳಿಕೊಂಡು ಹತ್ತಿದ ಇಂಜಿನ್‌ಗಳು ಸಕಲೇಶಪುರದಿಂದ ವಾಪಸ್ಸು ಇಳಿಯಬೇಕಲ್ಲ? ಅದೂ ಒಂದು ಗಾಡಿಯೇ, ಅದಕ್ಕೂ ಒಂದು ಗೆರೆ ಬೇಕು.

ಕೋಡ್‌ನ ತಿರುಳು ಚಿಕ್ಕದು. ಎರಡು ನಿಲ್ದಾಣದ ನಡುವಿನ ಹಳಿಯಲ್ಲಿ, ಅಂದರೆ ಸೆಕ್ಷನ್ನಿನಲ್ಲಿ, ಒಂದು ಹೊತ್ತಿಗೆ ಒಂದೇ ಗಾಡಿ. ಆದ್ದರಿಂದ ಪ್ರತಿ ಗಾಡಿಗೆ ಪ್ರತಿ ಸೆಕ್ಷನ್ನಿನಲ್ಲಿ ಒಂದು ಇಂಟರ್ವಲ್ ಮಾಡಿ: ಹೊರಟಾಗ ಶುರು, ಮುಂದಿನ ನಿಲ್ದಾಣ ಮುಟ್ಟಿ ಲೈನ್ ಕ್ಲಿಯರ್‌ನ ನಿಮಿಷಗಳೂ ಕಳೆದಾಗ ಮುಕ್ತಾಯ. ಒಂದು ಸೆಕ್ಷನ್ನಿನ ಇಂಟರ್ವಲ್‌ಗಳನ್ನೆಲ್ಲ ಒಂದರ ಮೇಲೊಂದು ಬೀಳಬಾರದೆಂಬ ನಿಯಮವಾದ ನೋಓವರ್‌ಲ್ಯಾಪ್‌ಗೆ ಕೊಟ್ಟರೆ ಯಾರು ಮೊದಲು ಎಂಬುದನ್ನು ಅದೇ ಹುಡುಕುತ್ತದೆ. ನಿಲ್ದಾಣದಲ್ಲಿ ನಿಂತಿರುವ ಹೊತ್ತು ಇನ್ನೊಂದು ಇಂಟರ್ವಲ್. ಅವು ಒಟ್ಟು ಮಿತಿ ಮೀರಬಾರದೆಂಬ ನಿಯಮವಾದ ಕ್ಯುಮುಲೇಟಿವ್‌ಗೆ, ಅಲ್ಲಿರುವ ಲೈನುಗಳ ಸಂಖ್ಯೆಯೇ ಮಿತಿ. ಇದನ್ನು ಮರೆತರೆ ಎರಡು ಲೈನಿನ ನಿಲ್ದಾಣದಲ್ಲಿ ಮೂರು ಗಾಡಿ ನಿಲ್ಲಿಸಿದ ಚಾರ್ಟ್ ಬರುತ್ತದೆ. ನಿಲ್ದಾಣದ ಪಕ್ಕದ ಹಳಿಯಾದ ಲೂಪ್‌ನಲ್ಲಿ ಹಿಡಿಸದಷ್ಟು ಉದ್ದದ ಗೂಡ್ಸಿಗೆ ಅಲ್ಲಿ ನಿಲ್ಲುವ ಅವಕಾಶವನ್ನೇ ತೆಗೆದುಬಿಡಿ. ಹಳಿ ರಿಪೇರಿಗೆ ಕೊಡುವ ಕಾರಿಡಾರ್ ಬ್ಲಾಕನ್ನು ಅಲುಗದ ಒಂದು ಸುಳ್ಳು ಗಾಡಿ ಎಂದು ಸೇರಿಸಿ. ನಿಧಾನ ಹೋಗಿ ಎಂಬ ಕಾಷನ್ ಆರ್ಡರ್ ಬಂದರೆ ಓಟದ ನಿಮಿಷ ಹೆಚ್ಚಿಸಿದರಾಯಿತು.

ರನ್ ಮಾಡುವ ಮುಂಚೆ ಒಂದು ಹಳಿ ದಿನಕ್ಕೆ ಎಷ್ಟು ಗಾಡಿ ತಾಳುತ್ತದೆಂದು ಹೇಳುವ ಸ್ಕಾಟ್ ಸೂತ್ರದಿಂದ ಒಂದು ಕೈಲೆಕ್ಕ ಹಾಕಿ. ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವ ಸೆಕ್ಷನ್ನಿನಲ್ಲಿ ನಿಧಾನದ ಗೂಡ್ಸಿಗೆ 30 ನಿಮಿಷ, ಲೈನ್ ಕ್ಲಿಯರ್ ಪಡೆಯುವ ಬ್ಲಾಕ್ ಕೆಲಸಕ್ಕೆ 5 ಎಂದಿಟ್ಟುಕೊಳ್ಳಿ. ದಿನದ 1440 ನಿಮಿಷವನ್ನು 35ರಿಂದ ಭಾಗಿಸಿ ದಕ್ಷತೆಯ ಅಂಕಿ 0.7ರಿಂದ ಗುಣಿಸಿದರೆ ಎರಡೂ ದಿಕ್ಕು ಸೇರಿ ದಿನಕ್ಕೆ 28 ಗಾಡಿ. ನಿಮ್ಮ ಪ್ರೋಗ್ರಾಂ 38 ಗಾಡಿ ಓಡಿಸಿ ತೋರಿಸಿದರೆ ಹಿಗ್ಗಬೇಡಿ, ಡೇಟಾ ಮತ್ತೆ ನೋಡಿ.

ಗುರಿ ಏನಿರಬೇಕು? ಎಕ್ಸ್‌ಪ್ರೆಸ್ ತಡವಾದ ಒಂದು ನಿಮಿಷಕ್ಕೆ 10, ಗೂಡ್ಸ್‌ಗೆ 1 ಎಂದು ದಂಡ ಹಾಕಿದರೆ ಗೂಡ್ಸ್ ಎಡಕುಮೇರಿಯಲ್ಲೇ ಬೀಡುಬಿಡುತ್ತದೆ. ಲೋಕೋ ಪೈಲಟ್‌ನ ಡ್ಯೂಟಿ ಗಂಟೆ ಮುಗಿದರೆ ಬದಲಿ ಸಿಬ್ಬಂದಿಯನ್ನು ಕಾಡೊಳಗಿನ ಆ ನಿಲ್ದಾಣಕ್ಕೆ ಕಳಿಸಲು ಇನ್ನೊಂದು ಗಾಡಿಯೇ ಬೇಕು. ಹಾಗಾಗಿ ಕಾಯ್ದಷ್ಟೂ ನಿಮಿಷದ ದಂಡ ಏರುತ್ತ ಹೋಗಲಿ.

ಇಷ್ಟು ಟೈಂಟೇಬಲ್ಲಿಗಾಯಿತು. ಗಾಡಿ ತಡವಾದಾಗ ಚಾರ್ಟ್ ತಿದ್ದುವುದೇ ನಿಜವಾದ ಪೇಚು. ರಾತ್ರಿ ಪಂಚಗಂಗಾ ಎಕ್ಸ್‌ಪ್ರೆಸ್ ತಡವಾಯಿತು ಅನ್ನಿ. ಕಣ್ಣೂರು, ಮುರ್ಡೇಶ್ವರ ಗಾಡಿಗಳೂ ಅದೇ ಘಾಟಿನಲ್ಲಿರುತ್ತವೆ. ಮುಗಿದದ್ದನ್ನು ಸ್ಥಿರಗೊಳಿಸಿ, ಮುಂದಿನ ಅರ್ಧ ಗಂಟೆಯನ್ನೂ ಮುಟ್ಟಬೇಡಿ. ಆಮೇಲಿನ ನಾಲ್ಕು ಗಂಟೆಗಷ್ಟೇ ಲೆಕ್ಕ ಮಾಡಿಸಿ. ಹಳೆಯ ಯೋಜನೆಯನ್ನೇ ಹಿಂಟ್ ಆಗಿ ಕೊಟ್ಟು 20 ಸೆಕೆಂಡಿನ ಗಡುವು ಹಾಕಿ. ಮುಖ್ಯವಾಗಿ, ಎದುರು ಗಾಡಿಗಳು ಒಂದನ್ನೊಂದು ದಾಟುವ ಕ್ರಾಸಿಂಗ್ ನಿಲ್ದಾಣ ಬದಲಾದರೆ ಅದಕ್ಕೂ ದಂಡವಿರಲಿ. ಎರಡು ನಿಮಿಷ ಉಳಿಸಲು ಐದೈದು ನಿಮಿಷಕ್ಕೊಮ್ಮೆ ಮನಸ್ಸು ಬದಲಿಸುವ ಯಂತ್ರದ ಮಾತನ್ನು ಯಾವ ಸೆಕ್ಷನ್ ಕಂಟ್ರೋಲರೂ ಕೇಳುವುದಿಲ್ಲ, ಕೇಳಬಾರದು ಕೂಡ.

2018ರ ಆಗಸ್ಟ್, 2024ರ ಜುಲೈನಂತೆ ಗುಡ್ಡ ಕುಸಿದು ಹಳಿ ಮುಚ್ಚಿದರೆ ಇದು ಉಪಯೋಗಕ್ಕೆ ಬಾರದು. ಯಾವ ಗಾಡಿ ರದ್ದು, ಯಾವುದು ಬಳಸುದಾರಿ ಎಂದು ಮೇಲಿನವರು ತೀರ್ಮಾನಿಸಿದ ಮೇಲೆ ಉಳಿದ ಗಾಡಿಗಳನ್ನು ಪ್ರೋಗ್ರಾಂಗೆ ಕೊಡಿ.

ಫಲಿತಾಂಶವನ್ನು ಪಟ್ಟಿಯಾಗಿ ಕೊಡದೆ ಹಳೆಯ ಚಾರ್ಟಿನ ಹಾಗೆಯೇ ಗೆರೆಗಳಲ್ಲಿ ಬಿಡಿಸಿ, ಅದಕ್ಕೆ ಪೈಥಾನಿನ ಮ್ಯಾಟ್‌ಪ್ಲಾಟ್‌ಲಿಬ್ ಸಾಕು. ಒಂದು ಹಳೆಯ ಮಳೆಗಾಲದ ದಿನದ ಚಾರ್ಟ್ ತೆಗೆದು ಅವತ್ತಿನ ತಡಗಳನ್ನು ಅದೇ ಹೊತ್ತಿಗೆ ಒಂದೊಂದಾಗಿ ಕೊಡುತ್ತ ಹೋಗಿ. ಕಂಟ್ರೋಲರ್ ಎಳೆದ ಗೆರೆಗೂ ಯಂತ್ರದ ಗೆರೆಗೂ ಎಲ್ಲೆಲ್ಲಿ ವ್ಯತ್ಯಾಸವಿದೆಯೋ ಅಲ್ಲೆಲ್ಲ ಗುರುತು ಹಾಕಿ, ಆ ಪಾಳಿಯಲ್ಲಿದ್ದವರನ್ನೇ ಕೇಳಿ.