ಗೊತ್ತಿದ್ದೂ ಮಾಡಲಾಗದ ಮಗುವಿಗೆ ಹೇಗೆ ನೆರವಾಗುವುದು?

ಮಂಡ್ಯದ ನನ್ನ ತಂಗಿಯ ಮನೆಯಲ್ಲಿ ಸಂಜೆ ಆರು ಗಂಟೆ ಎಂದರೆ ಎಲ್ಲರಿಗೂ ಎದೆ ಡವಡವ. ಮೂರನೆಯ ತರಗತಿಯ ಮಗ ಹೋಂವರ್ಕ್‌ಗೆ ಕೂರುವ ಹೊತ್ತು ಅದು. ಹತ್ತು ಕಳೆಯುವ ಲೆಕ್ಕಗಳು. ಮೊದಲನೆಯದನ್ನು ಸರಿಯಾಗಿಯೇ ಮಾಡುತ್ತಾನೆ. ಪೆನ್ಸಿಲ್ ಚೂಪು ಮಾಡಲು ಏಳುತ್ತಾನೆ, ಬಾಗಿಲಲ್ಲಿ ಬೆಕ್ಕು ಕಾಣುತ್ತದೆ, ಅದರ ಹಿಂದೆಯೇ ಹಿತ್ತಲಿಗೆ ಹೋಗುತ್ತಾನೆ. ಅರ್ಧ ಗಂಟೆಯ ಬಳಿಕ ಪೆನ್ಸಿಲ್ ಎಲ್ಲಿ ಎಂದು ಕೇಳಿದರೆ ಅವನಿಗೇ ತಿಳಿಯದು. ಅವಳು ಬೈಯುತ್ತಾಳೆ, ಅವನು ಅಳುತ್ತಾನೆ. ‘ನಾಳೆಯಿಂದ ಸರಿಯಾಗಿ ಕೂರುತ್ತೇನಮ್ಮಾ’ ಎನ್ನುತ್ತಾನೆ. ಆ ಮಾತು ಸುಳ್ಳಲ್ಲ, ಮನಸಾರೆ ಆಡಿದ್ದೇ. ಆದರೆ ನಾಳೆಯೂ ಬೆಕ್ಕು ಬರುತ್ತದೆ.

ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಸಮಸ್ಯೆ ಇರುವ ಮಕ್ಕಳ ಪಾಡು ಇದು. ಏನು ಮಾಡಬೇಕೆಂದು ಮಗುವಿಗೆ ಗೊತ್ತು; ಮಾಡಬೇಕಾದ ಗಳಿಗೆಯಲ್ಲಿ ಆ ತಿಳಿವಳಿಕೆ ಕೈಗೆ ಸಿಗುವುದಿಲ್ಲ. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ, ವಂಶವಾಹಿಗಳ ಪಾತ್ರ ದೊಡ್ಡದು. ಅಜ್ಜಿ ಮುದ್ದು ಮಾಡಿದ್ದರಿಂದಲೋ, ಸಿಹಿ ತಿಂದದ್ದರಿಂದಲೋ ಬರುವುದಲ್ಲ. ಹಾಗಾಗಿ ಉಪದೇಶ ಹೆಚ್ಚಿಸಿ ಫಲವಿಲ್ಲ. ಮಗು ಎಡವುವ ಜಾಗದಲ್ಲಿ, ಎಡವುವ ಹೊತ್ತಿನಲ್ಲಿ ನೆರವು ಕಣ್ಣಿಗೆ ಕಾಣುವಂತೆ ಇರಬೇಕು. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತಾರ.

<b>ಮೊದಲು ಖಚಿತಪಡಿಸಿಕೊಳ್ಳಿ</b>

ತುಂಟ ಮಕ್ಕಳಿಗೆಲ್ಲ ಎಡಿಎಚ್‌ಡಿ ಇರುವುದಿಲ್ಲ. ಲಕ್ಷಣಗಳು 12 ವರ್ಷದೊಳಗೇ ಕಾಣಿಸಿಕೊಂಡಿರಬೇಕು, ಕನಿಷ್ಠ ಆರು ತಿಂಗಳಿಂದ ಇರಬೇಕು, ಮನೆ ಮತ್ತು ಶಾಲೆ ಎರಡೂ ಕಡೆ ತೊಂದರೆ ಕೊಡುತ್ತಿರಬೇಕು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್‌ಗಳಿಂದ ಇದು ಪತ್ತೆಯಾಗದು. ಪೋಷಕರು ಮತ್ತು ಶಿಕ್ಷಕರು ಕೊಡುವ ವಿವರವೇ ವೈದ್ಯರಿಗೆ ಮುಖ್ಯ ಆಧಾರ. ಹೆಣ್ಣುಮಕ್ಕಳ ಬಗ್ಗೆ ವಿಶೇಷ ಎಚ್ಚರ ಬೇಕು. ಅವರಲ್ಲಿ ಅನೇಕರು ಓಡಾಡುವುದಿಲ್ಲ, ಸುಮ್ಮನೆ ಕುಳಿತು ಎಲ್ಲೋ ಕಳೆದುಹೋಗಿರುತ್ತಾರೆ. ಗಲಾಟೆ ಇಲ್ಲದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಕಣ್ಣು, ಕಿವಿ, ನಿದ್ರೆ ಸರಿಯಾಗಿವೆಯೇ ಎಂದು ಮೊದಲೇ ನೋಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ, ಮಾತು, ಭಾಷೆಯ ತಪಾಸಣೆ ನಡೆಯುತ್ತದೆ. ಕ್ಲಿನಿಕಲ್ ಸೈಕಾಲಜಿ ವಿಭಾಗವೂ ಇದೆ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ, ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಮಿಮ್ಸ್‌ನಲ್ಲಿ ಮನೋವೈದ್ಯರನ್ನು ಕಾಣಬಹುದು. ಎಲ್ಲಿಂದ ಶುರು ಮಾಡುವುದೆಂದು ತೋಚದಿದ್ದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡಬಹುದು.

<b>ಮನೆಯಲ್ಲಿ</b>

ಅಡುಗೆಮನೆಯಿಂದ ಕೂಗಿ ಹೇಳುವುದನ್ನು ಇಂದೇ ನಿಲ್ಲಿಸಿ. ಹತ್ತಿರ ಹೋಗಿ, ಭುಜ ಮುಟ್ಟಿ, ಕಣ್ಣಿಗೆ ಕಣ್ಣು ಸಿಕ್ಕ ಮೇಲೆ ಒಂದೇ ಒಂದು ಕೆಲಸ ಹೇಳಿ. ‘ಕೈಕಾಲು ತೊಳೆದು, ಯೂನಿಫಾರ್ಮ್ ಬಿಚ್ಚಿ, ಹಾಲು ಕುಡಿದು ಓದಲು ಕೂರು’ ಎಂದರೆ ನಾಲ್ಕು ಕೆಲಸಗಳಾದವು. ಮೊದಲನೆಯದು ಮುಗಿಯುವಷ್ಟರಲ್ಲಿ ಉಳಿದ ಮೂರು ಹಾರಿಹೋಗಿರುತ್ತವೆ. ‘ಕೈಕಾಲು ತೊಳೆದುಕೊಂಡು ಬಾ’ ಎನ್ನಿ. ಬಂದ ಮೇಲೆ ಮುಂದಿನದು. ದಿನವೂ ಮಾಡುವ ಕೆಲಸಗಳನ್ನು ಚಿತ್ರ ಬರೆದು ಬಚ್ಚಲುಮನೆಯ ಬಾಗಿಲಿಗೆ ಅಂಟಿಸಿ. ಶಾಲೆಯ ಬ್ಯಾಗು ರಾತ್ರಿಯೇ ತುಂಬಿ ಬಾಗಿಲ ಬಳಿ ಇರಲಿ.

ಹೋಂವರ್ಕ್‌ಗೆ ತಂಗಿ ಮಾಡಿದ ಏರ್ಪಾಡು ಹೀಗಿದೆ. ಗೋಡೆಯ ಕಡೆ ಮುಖ, ಟಿ.ವಿ. ಬಂದ್, ಮೊದಲೇ ಚೂಪು ಮಾಡಿದ ಮೂರು ಪೆನ್ಸಿಲ್. ಹತ್ತು ಲೆಕ್ಕಗಳಲ್ಲಿ ಏಳನ್ನು ಬಿಳಿ ಹಾಳೆಯಿಂದ ಮುಚ್ಚಿ ಮೂರನ್ನಷ್ಟೇ ತೋರಿಸುತ್ತಾಳೆ. ಮುಂದೆ ಹತ್ತು ನಿಮಿಷಕ್ಕೆ ತಿರುಗಿಸಿದ ಅಡುಗೆಮನೆಯ ಟೈಮರ್. ಈ ಮಕ್ಕಳಿಗೆ ಕಾಲದ ಅಂದಾಜು ಸಿಗುವುದು ಕಷ್ಟ, ಅದಕ್ಕೇ ಅದು ಕಣ್ಣೆದುರು ಓಡುತ್ತಿರಬೇಕು. ಮೂರು ಲೆಕ್ಕ ಮುಗಿದ ಕೂಡಲೇ ಗಾಜಿನ ಶೀಶೆಗೆ ಒಂದು ಹುಣಸೆಬೀಜ. ಟಣ್ ಎನ್ನುವ ಆ ಸದ್ದಿಗೇ ಅವನ ಮುಖ ಅರಳುತ್ತದೆ. ನಂತರ ಐದು ನಿಮಿಷ ಅಂಗಳದಲ್ಲಿ ಓಟ. ಹತ್ತು ಬೀಜಗಳಾದರೆ ಸಂಜೆ ಅಪ್ಪನ ಜತೆ ಕ್ರೀಡಾಂಗಣದಲ್ಲಿ ಸೈಕಲ್ ಸವಾರಿ.

ಬಹುಮಾನ ಚಿಕ್ಕದಿರಲಿ, ಆ ಕ್ಷಣದಲ್ಲೇ ಸಿಗಲಿ. ‘ಫಸ್ಟ್ ಬಂದರೆ ಬೇಸಿಗೆಗೆ ಹೊಸ ಸೈಕಲ್’ ಎಂಬ ಮಾತು ಈ ಮಗುವಿಗೆ ತೀರಾ ದೂರದ್ದು. ಕೊಟ್ಟ ಬೀಜವನ್ನು ಮಾತ್ರ ಸಿಟ್ಟಿನಲ್ಲಿ ಕಿತ್ತುಕೊಳ್ಳಬೇಡಿ; ಅದು ಅವನು ದುಡಿದು ಗಳಿಸಿದ್ದು. ಹೊಗಳುವಾಗಲೂ ‘ಜಾಣ’ ಎಂದು ಬಿಡದೆ, ‘ಕರೆದ ತಕ್ಷಣ ಬಂದೆಯಲ್ಲ’ ಎಂದು ಆ ಕೆಲಸವನ್ನೇ ಹೆಸರಿಸಿ.

<b>ಶಾಲೆಯಲ್ಲಿ</b>

ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು ನಾನು. ಇಂಥ ಎಷ್ಟೋ ಮಕ್ಕಳನ್ನು ‘ಕಾಲಿಗೆ ಚಕ್ರ ಕಟ್ಟಿಕೊಂಡಿದ್ದಾನೆ’ ಎಂದು ಹಿಂದಿನ ಬೆಂಚಿಗೆ ಕಳಿಸಿದ್ದೇನೆ, ಆಟದ ಅವಧಿಯಲ್ಲಿ ಒಳಗೆ ಕೂರಿಸಿದ್ದೇನೆ. ಎರಡೂ ತಪ್ಪು. ನೆನೆದರೆ ಈಗಲೂ ಸಂಕಟವಾಗುತ್ತದೆ. ಆಟ ಕಿತ್ತುಕೊಂಡರೆ ಮಧ್ಯಾಹ್ನದ ಪಾಠಕ್ಕೆ ಆ ಮಗು ಇನ್ನಷ್ಟು ಚಡಪಡಿಸುತ್ತದೆ. ಹೊಡೆಯುವುದು, ಅವಮಾನಿಸುವುದಂತೂ 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ನಿಷಿದ್ಧ.

ಮೊದಲ ಸಾಲಿನಲ್ಲಿ, ಶಿಕ್ಷಕರ ಕೈಗೆಟಕುವಷ್ಟು ಹತ್ತಿರ ಕೂರಿಸಿ. ಕಿಟಕಿಯ ಪಕ್ಕ ಬೇಡ; ಕಬ್ಬಿನ ಲಾರಿಯೊಂದು ಹೋದರೆ ಪಾಠವೂ ಅದರ ಜತೆಗೇ ಹೋಗುತ್ತದೆ. ತಪ್ಪಿದಾಗ ತರಗತಿಯ ಮುಂದೆ ಹೆಸರು ಕೂಗದೆ, ಮೇಜನ್ನು ಮೆಲ್ಲಗೆ ತಟ್ಟುವ ಸನ್ನೆಯೊಂದನ್ನು ಇಬ್ಬರೂ ಮೊದಲೇ ಮಾತಾಡಿಕೊಳ್ಳಿ. ನೋಟ್‌ಬುಕ್ ಹಂಚುವುದು, ಬೋರ್ಡ್ ಒರೆಸುವುದು, ಹಾಜರಿ ಪುಸ್ತಕವನ್ನು ಆಫೀಸಿಗೆ ಕೊಟ್ಟು ಬರುವುದು ಅವನ ಪಾಲಿಗಿರಲಿ. ಎದ್ದು ಓಡಾಡಲು ಗೌರವದ ಕಾರಣ ಸಿಕ್ಕಂತಾಗುತ್ತದೆ.

ಮನೆಗೂ ಶಾಲೆಗೂ ಸೇತುವೆ ಡೈರಿ. ದಿನಕ್ಕೆ ಮೂರೇ ಸಾಲು: ಕೈಯೆತ್ತಿ ಮಾತನಾಡಿದನೇ, ಬೋರ್ಡಿನ ಮೇಲಿನದನ್ನು ಪೂರ್ತಿ ಬರೆದುಕೊಂಡನೇ, ಡಬ್ಬಿ ಪುಸ್ತಕ ಮರಳಿ ತುಂಬಿಕೊಂಡನೇ. ಆಗಿದ್ದಕ್ಕೆ ಶಿಕ್ಷಕರು ಒಂದು ಟಿಕ್ ಹಾಕಿದರೆ, ಮನೆಯಲ್ಲಿ ಪ್ರತಿ ಟಿಕ್‌ಗೆ ಒಂದು ಬೀಜ. ದೂರುಗಳ ಪಟ್ಟಿಯನ್ನು ಅದರಲ್ಲಿ ಬರೆಯಬೇಡಿ. ಮಗು ಡೈರಿಯನ್ನೇ ಕಳೆದುಬಿಡುತ್ತದೆ. ಓದು ಬರಹದಲ್ಲಿ ಬೇರೆಯೇ ಕಷ್ಟ ಕಂಡರೆ ಕಲಿಕಾ ನ್ಯೂನತೆಯ ತಪಾಸಣೆಯನ್ನೂ ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ನ್ಯೂನತೆಗಳಲ್ಲಿ ಅದೂ ಸೇರಿದೆ.

<b>ಮಾತ್ರೆಯ ಮಾತು</b>

ಆರು ವರ್ಷದೊಳಗಿನ ಮಕ್ಕಳಿಗೆ ಮೊದಲ ಚಿಕಿತ್ಸೆ ಪೋಷಕರಿಗೆ ಕೊಡುವ ತರಬೇತಿಯೇ. ದೊಡ್ಡ ಮಕ್ಕಳಿಗೆ ಅಗತ್ಯ ಕಂಡರೆ ವೈದ್ಯರು ಮೀಥೈಲ್‌ಫೆನಿಡೇಟ್‌ನಂಥ ಔಷಧ ಬರೆಯಬಹುದು. ಅದು ಮಂಪರು ಬರಿಸುವ ಮಾತ್ರೆಯಲ್ಲ, ಗಮನ ನಿಲ್ಲಲು ನೆರವಾಗುವಂಥದು. ಹಸಿವು, ನಿದ್ರೆ ಕಡಿಮೆಯಾಗಬಹುದು, ಆದ್ದರಿಂದ ತೂಕ ಮತ್ತು ಎತ್ತರವನ್ನು ಆಗಾಗ ನೋಡಿಸುತ್ತಿರಬೇಕು. ನೆಂಟರ ಮಾತು ಕೇಳಿ ನಿಲ್ಲಿಸುವುದೂ ಬೇಡ, ಪಕ್ಕದ ಮನೆಯ ಮಗುವಿನ ಮಾತ್ರೆ ಕೊಡುವುದೂ ಬೇಡ.

ಎರಡು ಮೂರು ವಾರಗಳಲ್ಲಿ ಬಹುಮಾನದ ಹೊಸತನ ಹಳಸುತ್ತದೆ. ಆಗ ‘ಇದೂ ಕೆಲಸ ಮಾಡಲಿಲ್ಲ’ ಎಂದು ಕೈಬಿಡದೆ ಬಹುಮಾನವನ್ನು ಬದಲಿಸಿ. ತಂಗಿಯ ಮನೆಯಲ್ಲಿ ಸೈಕಲ್ ಸವಾರಿ ಹೋಗಿ, ಈಗ ರಾತ್ರಿ ಊಟದ ನಂತರ ಅಜ್ಜಿಯ ಎದುರು ಒಂದು ಆಟ ಚೌಕಾಬಾರ ಬಂದಿದೆ. ಹುಣಸೆಬೀಜಗಳು ಅದಕ್ಕೂ ಒದಗಿವೆ.