ದ್ವೀಪದ ಶಿಶುಕೇಂದ್ರ: ಮೊದಲು ಬದಲಿ ಕೈ, ಆಮೇಲೆ ಕೋರ್ಸು

ದೂರದ ದ್ವೀಪಗಳಲ್ಲಿ ಪುಟ್ಟ ಮಕ್ಕಳಿಗೆ ಕಲಿಸುವವರೇ ಸಿಗುವುದಿಲ್ಲ ಎನ್ನುವುದು ಅರ್ಧ ಸತ್ಯ. ಮಕ್ಕಳನ್ನು ಬಲ್ಲವರು ಅಲ್ಲೇ ಇರುತ್ತಾರೆ, ಇಲ್ಲದಿರುವುದು ಅವರ ಕೈಯಲ್ಲಿ ಪ್ರಮಾಣಪತ್ರ. ಅದಕ್ಕಾಗಿ ಅವರನ್ನು ಮುಖ್ಯಭೂಮಿಗೆ ಕಳಿಸಿದರೆ ಕೇಂದ್ರ ಬಾಗಿಲು ಹಾಕುತ್ತದೆ, ಹೋದವರಲ್ಲಿ ಕೆಲವರು ತಿರುಗಿ ಬರುವುದೂ ಇಲ್ಲ. ಹಾಗಾಗಿ ಕೋರ್ಸು ಹುಡುಕುವ ಮೊದಲೇ, ಇಂಥ ಕೇಂದ್ರಗಳ ಸಿಬ್ಬಂದಿಯನ್ನು ಓದಿಸುವ ನಾವು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇವರು ಓದಲು ಕೂತ ದಿನ ಮಕ್ಕಳನ್ನು ನೋಡಿಕೊಳ್ಳುವವರು ಯಾರು?

ಲೆಕ್ಕ ಹೀಗೆ ಹಾಕುತ್ತೇವೆ. ಕೇಂದ್ರದಲ್ಲಿ 18 ಮಕ್ಕಳು ಎಂದುಕೊಳ್ಳಿ: ಎರಡು ವರ್ಷದೊಳಗಿನವರು 4, ಮೂರು ದಾಟಿದವರು 14. ಟಾರೆಸ್ ಜಲಸಂಧಿಯ ದ್ವೀಪಗಳಿರುವ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ನಿಯಮದಂತೆ ಕೂಸುಗಳಿಗೆ 4ಕ್ಕೆ ಒಬ್ಬರು, ದೊಡ್ಡವರಿಗೆ 11ಕ್ಕೆ ಒಬ್ಬರು. ಅಂದರೆ ಯಾವ ಹೊತ್ತಿನಲ್ಲೂ ಮೂವರು ಬೇಕೇ ಬೇಕು. ಊಟದ ಬಿಡುವಿಗೆ, ಜ್ವರ ಬಂದ ದಿನಕ್ಕೆ ನಾಲ್ಕನೆಯವರು. ನಾಲ್ವರಿಗೂ ಎರಡು ವಾರಕ್ಕೊಂದು ಓದಿನ ದಿನ ಕೊಟ್ಟರೆ ವಾರಕ್ಕೆ ಎರಡು ದಿನದ ಬದಲಿ ಕೆಲಸ ಹುಟ್ಟಿಕೊಳ್ಳುತ್ತದೆ. ಇದು ಸಂಬಳ ಕೊಡಬೇಕಾದ ಕೆಲಸ. ಬಜೆಟ್ಟಿನಲ್ಲಿ ಈ ಸಾಲು ಇಲ್ಲದಿದ್ದರೆ ಉಳಿದ ಸಾಲುಗಳು ಕಾಗದದ ಮೇಲೇ ಉಳಿಯುತ್ತವೆ. ಓದಿನ ದಿನ ಮೊದಲು ಅರ್ಧ ದಿನವಾಗುತ್ತದೆ, ಆಮೇಲೆ 'ಮಕ್ಕಳು ಮಲಗಿದಾಗ ಓದಿಕೋ' ಆಗುತ್ತದೆ. ಮಲಗಿದ ಮಕ್ಕಳನ್ನು ಕಾಯುವುದೂ ಕೆಲಸವೇ ಅಲ್ಲವೇ?

ಬದಲಿ ಪಟ್ಟಿಯಲ್ಲಿ ಒಂದು ಹೆಸರು ಸಾಲದು, ಕನಿಷ್ಠ ಮೂರು ಇರಬೇಕು. ಮೂವರೂ ಒಂದೇ ಮನೆಯವರಾಗಿರಬಾರದು. ಆ ಮನೆಯಲ್ಲೊಂದು ಸಾವಾದರೆ ಪಟ್ಟಿಯೇ ಖಾಲಿ. ಇವರ ಪೊಲೀಸ್ ಪರಿಶೀಲನೆಯನ್ನೂ ಮೊದಲ ವಾರದಲ್ಲೇ ಹಚ್ಚಿಬಿಡುತ್ತೇವೆ. ಎಲ್ಲಕ್ಕಿಂತ ನಿಧಾನವಾದ ಕೆಲಸ ಅದು. ಜನನ ಪತ್ರದಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು, ಊರು ಕರೆಯುವುದು ಮೂರನೆಯದು. ಅರ್ಜಿ ವಾಪಸು ಬರುವುದು ಬಹುಪಾಲು ಇಲ್ಲೇ. ಮೂರೂ ಹೆಸರುಗಳನ್ನು ಮೊದಲೇ ಅರ್ಜಿಯಲ್ಲಿ ಬರೆದು ಕಳಿಸಬೇಕು.

ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಎಲ್ಲರೂ ಮುಗ್ಗರಿಸುವ ಜಾಗವೊಂದಿದೆ. ತರಬೇತುದಾರರು ದೋಣಿ ಹತ್ತಿ ಬರುತ್ತಾರೆಂದು ಇಡೀ ಸಿಬ್ಬಂದಿಯನ್ನು ಒಂದೇ ದಿನ ಕೂರಿಸುತ್ತೇವೆ. ಆ ವರ್ಷಕ್ಕೇನೋ ಖರ್ಚು ಉಳಿಯಿತು, ಸರಿ. ಆದರೆ ಎಲ್ಲರ ಅವಧಿಯೂ ಒಂದೇ ದಿನ ತೀರುತ್ತದೆ, ಅದೇ ವಾರ ಗಾಳಿ ಎದ್ದು ದೋಣಿ ನಿಂತರೆ ಕೇಂದ್ರ ಮುಚ್ಚಬೇಕು. ಆರು ತಿಂಗಳ ಅಂತರದಲ್ಲಿ ಎರಡು ತಂಡ ಮಾಡಿ, ಬದಲಿಯವರನ್ನೂ ಅರ್ಧರ್ಧ ಹಂಚಿ. ತೀರುವ ದಿನಾಂಕಗಳ ಪಟ್ಟಿ ಗೋಡೆಯ ಮೇಲಿರಲಿ. ಕಂಪ್ಯೂಟರಿನಲ್ಲಿಟ್ಟರೆ ಯಾರೂ ನೋಡುವುದಿಲ್ಲ.

ಇನ್ನು ಓದು. ಪುಟ್ಟ ಮಕ್ಕಳಿಗೆ ಕಲಿಸುವವರಿಗಾಗಿ ಅಮೆರಿಕದಲ್ಲಿರುವ ಸಿಡಿಎ (ಚೈಲ್ಡ್ ಡೆವಲಪ್‌ಮೆಂಟ್ ಅಸೋಸಿಯೇಟ್) ಪ್ರಮಾಣಪತ್ರ 120 ಗಂಟೆ ಪಾಠ, 480 ಗಂಟೆ ಮಕ್ಕಳೊಡನೆ ಕೆಲಸ ಕೇಳುತ್ತದೆ. ಕೆಲಸ ಹೇಗೂ ನಡೆಯುತ್ತಲೇ ಇರುತ್ತದೆ. ಪಾಠ ಮಾತ್ರ, ಎರಡು ವಾರಕ್ಕೊಮ್ಮೆ 6 ಗಂಟೆಯಂತೆ, 20 ದಿನ ಅಂದರೆ 40 ವಾರ ಹಿಡಿಯುತ್ತದೆ. ರಜೆ, ಬಿರುಗಾಳಿ ಸೇರಿಸಿ ಒಂದೂವರೆ ವರ್ಷ ಇಟ್ಟುಕೊಳ್ಳುವುದು ಒಳ್ಳೆಯದು. ಆರು ತಿಂಗಳಲ್ಲಿ ಮುಗಿಸಿಕೊಡುತ್ತೇವೆ ಎನ್ನುವವರನ್ನು ಬದಲಿ ಕೈಯ ಲೆಕ್ಕ ಕೇಳಿ ನೋಡಿ. ಆಸ್ಟ್ರೇಲಿಯಾದಲ್ಲಿ ಕೋರ್ಸಿಗೆ ಸೇರಿ ಮುಂದುವರಿಯುತ್ತಿರುವವರನ್ನೂ ಅರ್ಹರ ಲೆಕ್ಕಕ್ಕೆ ಹಿಡಿಯುತ್ತಾರೆ. ಅನುಕೂಲವೇ ಸರಿ, ಆದರೆ ಓದು ನಿಂತುಹೋದರೆ ಆ ಲೆಕ್ಕವೂ ಕೈಬಿಡುತ್ತದೆ.

ಓದು ನಿಲ್ಲುವುದು ಸಾಮಾನ್ಯವಾಗಿ ಬರವಣಿಗೆಯ ಹತ್ತಿರ. ಮಗುವನ್ನು ಗಮನಿಸಿ ಬರೆಯಿರಿ ಎಂದರೆ 'ಮಗು ಮರಳಿನಲ್ಲಿ ಖುಷಿಯಾಗಿ ಆಡಿತು' ಎಂಬ ಸಾಲು ಬರುತ್ತದೆ. ಪರೀಕ್ಷಕರು ತಿರಸ್ಕರಿಸುತ್ತಾರೆ, ಎರಡು ಸಲ ಹಾಗಾದರೆ ಬರೆದಾಕೆ ಪುಸ್ತಕ ಮುಚ್ಚಿಡುತ್ತಾಳೆ. ಅದೇ ಹೆಂಗಸನ್ನು ಪಕ್ಕದಲ್ಲಿ ಕೂರಿಸಿಕೊಂಡು 'ಏನಾಯ್ತು ಹೇಳಮ್ಮ' ಎಂದು ಕೇಳಿ: 'ಒಣ ಮರಳು ನಿಲ್ಲಲಿಲ್ಲ. ಚಿಪ್ಪಿನಲ್ಲಿ ನೀರು ತಂದು ಸುರಿದ. ಬೆರಳಲ್ಲಿ ಒತ್ತಿ ನೋಡಿದ. ಇನ್ನೂ ಸಾಲದು ಅಂತ ತಂಗಿ ಕೈಗೆ ಚಿಪ್ಪು ಕೊಟ್ಟು ಕಳಿಸಿದ.' ಊಹೆ, ಪರೀಕ್ಷೆ, ಜೊತೆಗೂಡಿ ಕೆಲಸ, ಮೂರೂ ಇದರಲ್ಲಿವೆ. ಆದ್ದರಿಂದ ಆಕೆಯ ಮನೆಮಾತಿನಲ್ಲೇ ಮೂರು ನಿಮಿಷದ ಧ್ವನಿ ದಾಖಲೆ, ಜೊತೆಗೆ ಮೂರು ಫೋಟೊ ಇದ್ದರೆ ಸಾಕೆಂದು ತರಬೇತಿ ಸಂಸ್ಥೆಯಿಂದ ಮೊದಲೇ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಬೇಕು. ಆ ಭಾಷೆ ಬಲ್ಲ ಪರೀಕ್ಷಕರೋ ಅನುವಾದಕರೋ ಇದ್ದಾರೆಯೇ ಎಂದೂ ಆಗಲೇ ಕೇಳಿಬಿಡಬೇಕು. ತಂದೆತಾಯಿಯ ಒಪ್ಪಿಗೆಯೂ ಬೇಕು. ಫೋಟೊದಲ್ಲಿ ಮುಖಕ್ಕಿಂತ ಕೈಗಳು ಕಾಣಲಿ, ಕಲಿಕೆ ಕಾಣುವುದೂ ಅಲ್ಲೇ.

ವಿಡಿಯೊ ಬೇಡ. ಫೋನಿನಲ್ಲಿ 1080 ಪಿಗೆ ಇಟ್ಟರೆ ಒಂದು ನಿಮಿಷವೇ 100 ಎಂಬಿ ಮುಟ್ಟಬಹುದು, ದ್ವೀಪದ ಸಂಪರ್ಕದಲ್ಲಿ ಅದು ರಾತ್ರಿಯಿಡೀ ಸುತ್ತುತ್ತದೆ. ಕಡಿಮೆ ಗುಣಮಟ್ಟದಲ್ಲಿ ಉಳಿಸಿದ ಮೂರು ನಿಮಿಷದ ಧ್ವನಿಗೆ ಅರ್ಧ ಎಂಬಿ ಸಾಕು. ಪಾಠದ ಕಡತಗಳನ್ನು ಮೆಮೊರಿ ಕಾರ್ಡಿನಲ್ಲಿ ಹಾಕಿ ದೋಣಿಯಲ್ಲೇ ಕಳಿಸುತ್ತೇವೆ, ಎರಡು ಪ್ರತಿ, ಬೇರೆ ಬೇರೆ ದೋಣಿಗಳಲ್ಲಿ.

ಹೊರಗಿನಿಂದ ಬರುವ ಮಾರ್ಗದರ್ಶಿ ಬೆಳಿಗ್ಗೆ ಇಳಿದು ಸಂಜೆ ಹೊರಡುವಂತಿದ್ದರೆ ಬರದಿರುವುದೇ ಲೇಸು. ಐದು ದಿನದ ಕೆಲಸ, ಆಚೀಚೆ ಎರಡೆರಡು ದಿನ ಹವಾಮಾನಕ್ಕೆಂದು ಬಿಟ್ಟಿರಬೇಕು. ಮೊದಲ ದಿನ ಪುಸ್ತಕ ತೆರೆಯುವಂತಿಲ್ಲ, ಮಕ್ಕಳ ಜೊತೆ ನೆಲದ ಮೇಲೆ ಕೂರಬೇಕು.

ಅಜ್ಜಿಯರ ವಿಷಯದಲ್ಲಿ ನಮ್ಮ ನಿಲುವು ಗಟ್ಟಿ. ನ್ಯೂಜಿಲೆಂಡಿನಲ್ಲಿ 1982ರಲ್ಲಿ ಶುರುವಾದ ಕೋಹಂಗಾ ರೇಓ ಎಂಬ ಮಾವೋರಿ ಭಾಷೆಯ ಶಿಶುಕೇಂದ್ರಗಳಿಗೆ ಬಲ ಕೊಟ್ಟವರು ಭಾಷೆ ಬಲ್ಲ ಹಿರಿಯರು. ಅಂಥವರನ್ನು ಪ್ರಮಾಣಪತ್ರಕ್ಕೆ ದೂಡಬೇಕಿಲ್ಲ. ಇಷ್ಟು ಮಕ್ಕಳಿಗೆ ಇಷ್ಟು ಸಿಬ್ಬಂದಿ ಎಂಬ ಅನುಪಾತದ ಲೆಕ್ಕದ ಹೊರಗೆ, 'ಭಾಷಾ ಹಿರಿಯರು' ಎಂಬ ಬೇರೆ ಹುದ್ದೆ ಮಾಡಿ, ಗಂಟೆಗಿಷ್ಟೆಂದು ಸಂಬಳ ಕೊಡಿ. ಪುಕ್ಕಟೆ ಸೇವೆ ಒಂದು ಮಳೆಗಾಲ ದಾಟುವುದಿಲ್ಲ.

ಸಂಬಳ ಏರಿಕೆಯನ್ನು ಕೋರ್ಸಿನ ಕೊನೆಗೆ ಕಟ್ಟಿಹಾಕದೆ ನಾಲ್ಕು ಭಾಗ ಮಾಡಿ, ಒಂದೊಂದು ಹಂತ ಮುಗಿದಾಗ ಕೊಡುತ್ತೇವೆ. ಇಷ್ಟಾದರೂ ಕೆಲವರು ಹೋಗುತ್ತಾರೆ, ಅದೂ ದೂರವಲ್ಲ, ಪಕ್ಕದ ಶಾಲೆಗೋ ಆರೋಗ್ಯ ಕೇಂದ್ರಕ್ಕೋ. ಪ್ರಮಾಣಪತ್ರ ಹಿಡಿದ, ಊರಿನ ಭಾಷೆ ಬಲ್ಲ ಮನುಷ್ಯರು ಸಣ್ಣ ದ್ವೀಪದಲ್ಲಿ ಎಲ್ಲರಿಗೂ ಬೇಕು. ಬಾಂಡ್ ಬರೆಸಿಕೊಂಡರೆ ಸೇರುವವರೇ ಕಡಿಮೆಯಾಗುತ್ತಾರೆ. ನಾಲ್ಕು ಹುದ್ದೆ ಇದ್ದರೆ ಆರು ಜನರನ್ನು ಓದಿಸುವುದು ಅದಕ್ಕೇ, ಆ ಇಬ್ಬರು ಬರುವುದು ಬದಲಿ ಪಟ್ಟಿಯಿಂದ.